ಹೆಪ್ಪಿನ ಕಾವಲು

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ಮನೆಗೆ ಬಸವನಗುಡಿಯಿಂದ ಹಿರಿಯ ತಾಯಿಯೊಬ್ಬರು ಬಂದಿದ್ದರು. ಅವರು ಶ್ರೀಮಠದ ಹಳೆಯ ಭಕ್ತರು. ಇಷ್ಟಲಿಂಗಪೂಜೆಯನ್ನು ಪೂರೈಸದೆ ಒಂದು ತುತ್ತನ್ನೂ ಬಾಯಿಗಿಡದವರು. ಕೈಚೀಲದಿಂದ ಒಂದು ಚೀಸ್ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟು, “ಮೇಷ್ಟ್ರೇ, ಮೊಮ್ಮಗನ ಬ್ರೆಡ್ಡಿಗೆ ಸವರೋದಕ್ಕೆ ಅಂತ ಸೊಸೆ ತಂದಿದ್ದಾಳೆ. ಇದರ ಮೇಲೆ 234 ಅಂತ ಅಚ್ಚು ಹಾಕಿದ್ದಾರಂತೆ. ಅದೇನೋ ಔಷಧಿ, ಮಕ್ಕಳಿಗೆ ಆಗಿಬರೋದಿಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಕೊಡಬಹುದೋ ಬೇಡವೋ ನೀವೇ ಹೇಳಿ” ಎಂದರು. ಸ್ವಲ್ಪ ತಡೆದು, “ಇದು ನಮ್ಮಂಥವರು ಮುಟ್ಟುವ ಪದಾರ್ಥ ಹೌದೋ ಅಲ್ಲವೋ, ಅದನ್ನೂ ಹೇಳಿ” ಎಂದು ಮೆಲ್ಲಗೆ ಸೇರಿಸಿದರು.

ಹಾಲು ಮತ್ತು ಹಾಲಿನ ಸೂಕ್ಷ್ಮಾಣುಜೀವಿಗಳ ವಿಷಯವನ್ನು ಬಹುಕಾಲ ಬೋಧಿಸಿ ನಿವೃತ್ತನಾದವನು ನಾನು. ಅಂದು ಆ ತಾಯಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸಿದೆ: ಔಷಧಿಯಲ್ಲ, ಹೆದರಬೇಕಾಗಿಲ್ಲ. ಆದರೆ ಅವರು ಹೋದ ಮೇಲೆ ಆ ಉತ್ತರ ಸಾಲದೆಂದು ಮನಸ್ಸಿಗೆ ತೋರಿತು. ನಾವು ಉಣ್ಣುವ ಅನ್ನದಲ್ಲಿ ಏನಿದೆ, ಅದನ್ನು ಕೆಡದಂತೆ ಯಾರು ಕಾಯುತ್ತಿದ್ದಾರೆ, ಆ ಕಾವಲನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಅಡುಗೆಮನೆಯ ಪ್ರಶ್ನೆಯೂ ಹೌದು, ದಾಸೋಹದ ಪ್ರಶ್ನೆಯೂ ಹೌದು. ಆದುದರಿಂದ ಸದ್ಭಕ್ತರ ಮುಂದೆ ನನ್ನ ಅಭಿಪ್ರಾಯವನ್ನು ವಿವರವಾಗಿ ಇಡಲು ಬಯಸುತ್ತೇನೆ.

234 ಎಂಬುದು ನೈಸಿನ್ ಎಂಬ ಸಂರಕ್ಷಕಕ್ಕೆ ಜಗತ್ತಿನ ಆಹಾರ ನಿಯಮಗಳು ಕೊಟ್ಟಿರುವ ಕ್ರಮಸಂಖ್ಯೆ. ಅದು ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಗಳ ಕುಲದಲ್ಲೇ ಹುಟ್ಟಿದ ಪದಾರ್ಥ. ಅದನ್ನು ಅರಿಯಬೇಕಾದರೆ ಮೊದಲು ನಮ್ಮ ಮೊಸರಿನ ಗಡಿಗೆಯನ್ನೇ ಇಣುಕಿ ನೋಡಬೇಕು.

ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರಾಗಿರುತ್ತದೆ. ಈ ರಾತ್ರಿಯ ಕೆಲಸವನ್ನು ಮಾಡುವವು ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು. ಅವು ಹಾಲಿನ ಸಕ್ಕರೆಯನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಆಮ್ಲೀಯತೆಯ ಅಳತೆಯಾದ ಪಿಎಚ್ ತಾಜಾ ಹಾಲಿನಲ್ಲಿ ಸುಮಾರು 6.6 ಇರುತ್ತದೆ. ಹುಳಿ ಏರಿದಂತೆ ಈ ಅಂಕಿ ಇಳಿಯುತ್ತ ಬಂದು, 4.6ರ ಆಸುಪಾಸಿಗೆ ತಲುಪಿದಾಗ ಹಾಲಿನ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗಿ ಮೊಸರು ನಿಲ್ಲುತ್ತದೆ. ಈ ಹುಳಿಯಲ್ಲಿ ರೋಗ ತರುವ ಅನೇಕ ಜೀವಿಗಳು ಬೆಳೆಯಲಾರವು. ಹಾಲು ಹೊರಗಿಟ್ಟರೆ ಅರ್ಧ ದಿನದಲ್ಲಿ ಒಡೆದು ನಾರುತ್ತದೆ, ಮೊಸರು ಮಾತ್ರ ಹುಳಿಯಾಗುತ್ತ ಹೋದರೂ ತಿನ್ನುವಂತೆಯೇ ಉಳಿಯುತ್ತದೆ. ಮೊದಲು ಬಂದು ನೆಲೆಯೂರಿದ ಒಳ್ಳೆಯ ಜೀವಿಗಳು ತಡವಾಗಿ ಬಂದ ಕೆಟ್ಟ ಜೀವಿಗಳಿಗೆ ಮನೆಯಲ್ಲಿ ಜಾಗ ಬಿಡದಿರುವುದೇ ಇದರ ಗುಟ್ಟು.

ನಮ್ಮ ಹಿರಿಯರಿಗೆ ಪಿಎಚ್ ಎಂಬ ಮಾತು ತಿಳಿದಿರಲಿಲ್ಲ, ಈ ಗುಟ್ಟು ತಿಳಿದಿತ್ತು. ದೂರದ ಜಾತ್ರೆಗೋ ಪಾದಯಾತ್ರೆಗೋ ಹೊರಡುವಾಗ ನನ್ನ ಅಜ್ಜಿ ಕಟ್ಟುತ್ತಿದ್ದ ಬುತ್ತಿಯನ್ನು ನೆನೆಯುತ್ತೇನೆ. ಆಗತಾನೇ ಮಾಡಿದ ಮೆತ್ತಗಿನ ಅನ್ನವನ್ನು ಕಾಯಿಸಿದ ಹಾಲಿನಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ಅದಕ್ಕೆ ಒಂದೇ ಒಂದು ಚಮಚ ಮೊಸರನ್ನು ಬೆರೆಸುತ್ತಿದ್ದಳು. ಮನೆ ಬಿಡುವಾಗ ಅದು ಹಾಲನ್ನ. ಮಧ್ಯಾಹ್ನ ಮರದ ನೆರಳಿನಲ್ಲಿ ಬಿಚ್ಚುವಾಗ ಹದವಾದ ಮೊಸರನ್ನ. ಮೊದಲೇ ಮೊಸರು ಕಲಸಿದ್ದರೆ ಊಟದ ಹೊತ್ತಿಗೆ ಹುಳಿ ಮೀರುತ್ತಿತ್ತು. ಏನೂ ಬೆರೆಸದಿದ್ದರೆ ಹಾಲನ್ನ ಹಳಸುತ್ತಿತ್ತು. ದಾರಿಯುದ್ದಕ್ಕೂ ಅನ್ನವನ್ನು ಕಾಯಲು ಜೀವಂತ ಕಾವಲುಗಾರರನ್ನು ಜೊತೆಗೆ ಕಳುಹಿಸುವ ಈ ಉಪಾಯವನ್ನು ಇಂದಿನ ವಿಜ್ಞಾನ ‘ಜೈವಿಕ ಸಂರಕ್ಷಣೆ’ ಎಂದು ಕರೆಯುತ್ತದೆ. ಮೊಸರಿನಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸಿನಕಾಯಿಯಲ್ಲಿಯೂ ಹುಳಿ, ಉಪ್ಪು, ಬಿಸಿಲು ಮೂರೂ ಸೇರಿ ಇದೇ ಕೆಲಸವನ್ನು ಮಾಡುತ್ತವೆ.

ಈ ತಿಳಿವಳಿಕೆ ಕನ್ನಡ ನಾಡಿನಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಗ್ರಂಥದ ಆಧಾರವೂ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿನಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಇಂಗು ಜೀರಿಗೆ ಮೆಣಸುಗಳನ್ನೂ ಬೆರೆಸಿ ಇಡ್ಡಲಿಗೆ ಮಾಡುವ ಕ್ರಮವಿದೆ. ಮೊಸರಿನ ತಿಳಿನೀರೆಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳ ಸಾಗರವೇ ಸರಿ. ಬಸವಾದಿ ಶರಣರಿಗಿಂತ ಒಂದು ಶತಮಾನ ಮುಂಚೆಯೇ ಈ ನಾಡಿನ ಅಡುಗೆಯವರು ಹಾಲಿನ ಜೀವಿಗಳನ್ನು ಬೇಳೆಯ ಹಿಟ್ಟಿಗೆ ಕಸಿಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಉಪಾಹಾರಗೃಹದಲ್ಲಿ ರವೆ ಇಡ್ಲಿ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಅಲ್ಲಿಯೂ ರವೆಯನ್ನು ಕಲಸಲು ಕರೆದದ್ದು ಮೊಸರನ್ನೇ.

ಇನ್ನು ನೈಸಿನ್ನಿನ ವಿಷಯಕ್ಕೆ ಬರೋಣ. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳ ಬತ್ತಳಿಕೆಯಲ್ಲಿ ಹುಳಿಯೊಂದೇ ಬಾಣವಲ್ಲ. ಅವುಗಳಲ್ಲಿ ಕೆಲವು ತಳಿಗಳು ತಮ್ಮ ನೆರೆಯ ಬ್ಯಾಕ್ಟೀರಿಯಗಳನ್ನು ತಡೆಯುವ ಚಿಕ್ಕ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವಕ್ಕೆ ಬ್ಯಾಕ್ಟೀರಿಯೋಸಿನ್ ಎಂದು ಹೆಸರು. ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಹಾಲಿನ ಬ್ಯಾಕ್ಟೀರಿಯದ ಕೆಲವು ತಳಿಗಳು ತಯಾರಿಸುವ, 34 ಅಮೈನೋ ಆಮ್ಲಗಳ ಸರಪಳಿಯೇ ನೈಸಿನ್. ಅದು ವೈರಿ ಬ್ಯಾಕ್ಟೀರಿಯವು ತನ್ನ ಗೋಡೆ ಕಟ್ಟಿಕೊಳ್ಳಲು ಬಳಸುವ ಸಾಮಗ್ರಿಯನ್ನೇ ಬಿಗಿಯಾಗಿ ಹಿಡಿದುಕೊಂಡು ಗೋಡೆಯ ಕೆಲಸವನ್ನು ನಿಲ್ಲಿಸುತ್ತದೆ. ಅಲ್ಲಿಯೇ ಪೊರೆಯನ್ನು ಕೊರೆದು ತೂತು ಮಾಡುತ್ತದೆ. ತೂತಾದ ಗಡಿಗೆಯಿಂದ ನೀರು ಸೋರುವಂತೆ ವೈರಿಯ ಜೀವದ್ರವ್ಯ ಸೋರಿಹೋಗುತ್ತದೆ.

ಇದರ ಇತಿಹಾಸವೂ ಸ್ವಾರಸ್ಯವಾಗಿದೆ. 1928ರಲ್ಲಿ ಅಮೆರಿಕದ ರಾಜರ್ಸ್ ಮತ್ತು ವಿಟಿಯರ್ ಎಂಬ ವಿಜ್ಞಾನಿಗಳು ಹಾಲಿನ ಒಂದು ಬ್ಯಾಕ್ಟೀರಿಯ ಮತ್ತೊಂದರ ಬೆಳವಣಿಗೆಯನ್ನು ತಡೆಯುವುದನ್ನು ಕಂಡರು. 1933ರಲ್ಲಿ ನ್ಯೂಜಿಲೆಂಡಿನಲ್ಲಿ ವೈಟ್‌ಹೆಡ್ ಎಂಬವರು, ಚೀಸ್ ತಯಾರಿಕೆಯಲ್ಲಿ ಹೆಪ್ಪು ಏಕೆ ಕೈಕೊಡುತ್ತದೆ ಎಂದು ಹುಡುಕುತ್ತ ಹೋಗಿ, ಹಾಲಿನಲ್ಲೇ ಬೆಳೆದ ಜೀವಿಯೊಂದು ಬಿಟ್ಟ ತಡೆವಸ್ತುವೇ ಅದಕ್ಕೆ ಕಾರಣವೆಂದು ತಿಳಿಸಿದರು. ಎಂದರೆ ಮೊದಲಿಗೆ ಇದು ಹೆಪ್ಪನ್ನು ಕೆಡಿಸುವ ಪೀಡೆಯಾಗಿ ಕಂಡಿತು. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹರ್ಷ್ ಅವರು, ಆ ಜೀವಿಯು ‘ಎನ್’ ಎಂಬ ಗುಂಪಿಗೆ ಸೇರಿದ್ದರಿಂದ, ಅದಕ್ಕೆ ನೈಸಿನ್ ಎಂದು ಹೆಸರಿಟ್ಟರು. ಚೀಸಿನೊಳಗೆ ಗಾಳಿ ತುಂಬಿಸಿ ಒಡೆದುಹಾಕುವ ಕ್ಲಾಸ್ಟ್ರಿಡಿಯಂ ಎಂಬ ಜೀವಿಯನ್ನು ಇದರಿಂದ ತಡೆಯಬಹುದೆಂದು 1951ರಲ್ಲಿ ತೋರಿಸಲಾಯಿತು. ಪೀಡೆಯೇ ಪರಿಹಾರವಾಯಿತು. 1953ರಲ್ಲಿ ಅದು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದಿತು. 1969ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಅದನ್ನು ಆಹಾರದಲ್ಲಿ ಬಳಸಲು ಒಪ್ಪಿತು. 1988ರಲ್ಲಿ ಅಮೆರಿಕ ಸರ್ಕಾರವೂ ಸವರುವ ಚೀಸಿನಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ನಮ್ಮ ದೇಶದ ನಿಯಮಗಳು ಚೀಸಿನಲ್ಲಿ ಕಿಲೋಗ್ರಾಮಿಗೆ 12.5 ಮಿಲಿಗ್ರಾಂ ಮೀರದಂತೆ ಅದನ್ನು ಬಳಸಲು ಅವಕಾಶ ಕೊಟ್ಟಿವೆ. ಎಂಬತ್ತು ಸಾವಿರ ಪಾಲು ಚೀಸಿಗೆ ಒಂದು ಪಾಲು ನೈಸಿನ್ ಎಂದಾಯಿತು.

ಈಗ ಬಸವನಗುಡಿಯ ಆ ತಾಯಿಯ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬಹುದು. ನೈಸಿನ್ ಪ್ರಾಣಿವಧೆಯಿಂದ ಬಂದದ್ದಲ್ಲ. ಹಾಲಿನ ಅಥವಾ ಸಕ್ಕರೆಯ ದ್ರವದಲ್ಲಿ ಬ್ಯಾಕ್ಟೀರಿಯವನ್ನು ಬೆಳೆಸಿ, ಅದು ಬಿಟ್ಟ ಪದಾರ್ಥವನ್ನು ಸಾಂದ್ರಗೊಳಿಸಿ ಒಣಗಿಸುತ್ತಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದ್ದರೆ ಶಾಕಾಹಾರಿಗಳು ಸಂಶಯಪಡಬೇಕಾಗಿಲ್ಲ. ಅದು ಪ್ರೋಟೀನಾದುದರಿಂದ ನಾವು ಉಂಡ ಬೇಳೆಯ ಪ್ರೋಟೀನಿನಂತೆಯೇ ಕರುಳಿನ ಜೀರ್ಣರಸಗಳಿಗೆ ಸಿಕ್ಕಿ ತುಂಡಾಗುತ್ತದೆ. ವೈದ್ಯರು ಬರೆದುಕೊಡುವ ಆಂಟಿಬಯೋಟಿಕ್ ಔಷಧಗಳ ಸಾಲಿಗೆ ಅದು ಸೇರಿಲ್ಲ. ಆಂಟಿಬಯೋಟಿಕ್ಕಿನ ಭಯ ನಿಜವಾಗಿ ಇರಬೇಕಾದದ್ದು ಬೇರೆಡೆ. ಕೆಚ್ಚಲುಬಾವು ಬಂದ ಹಸುವಿಗೆ ಚುಚ್ಚುಮದ್ದು ಕೊಟ್ಟು, ಬಿಡಬೇಕಾದಷ್ಟು ದಿನ ಹಾಲನ್ನು ಬಿಡದೆ ಮಾರಿದರೆ, ಆ ಔಷಧದ ಶೇಷ ಹಾಲಿನಲ್ಲಿ ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡದೆಹೋಗುವುದುಂಟು. ಮೊಸರಾಗದಿರಲು ಬೇರೆ ಕಾರಣಗಳೂ ಇರಬಹುದು. ಆದರೂ ಹಾಲಿನವನನ್ನು ಕೇಳಬೇಕಾದ ಪ್ರಶ್ನೆ ಅದು.

ಇಷ್ಟು ಹೇಳಿದ ಮೇಲೆ, ಮನೆಯ ಹೆಪ್ಪಿನಲ್ಲೆಲ್ಲ ನೈಸಿನ್ ಇದೆಯೆಂದು ಯಾರೂ ಭಾವಿಸಬಾರದು. ಅದನ್ನು ತಯಾರಿಸುವುದು ಕೆಲವೇ ತಳಿಗಳು. ನಮ್ಮ ಮೊಸರನ್ನು ಮುಖ್ಯವಾಗಿ ಕಾಯುವುದು ಅದರ ಹುಳಿ. ಹಾಗೆಯೇ ನೈಸಿನ್ ಸರ್ವರೋಗನಿವಾರಕವೂ ಅಲ್ಲ. ಅದರ ಮಿತಿಗಳನ್ನು ತಿಳಿಯದೆ ಹೊಗಳುವವರು ತಿಳಿಯದೆ ಹೆದರುವವರಿಗಿಂತ ಹೆಚ್ಚು ಅಪಾಯಕಾರಿ. ಬ್ಯಾಕ್ಟೀರಿಯಗಳಲ್ಲಿ ಒಂದು ದೊಡ್ಡ ವರ್ಗಕ್ಕೆ ಗೋಡೆಯ ಹೊರಗೆ ಇನ್ನೊಂದು ಪೊರೆಯ ಕವಚವಿರುತ್ತದೆ. ಈ ಕವಚವನ್ನು ದಾಟಿ ಒಳಹೋಗಲು ನೈಸಿನ್ನಿಗೆ ಸಾಧ್ಯವಿಲ್ಲ. ಕೊಳಚೆ ನೀರಿನಿಂದಲೂ ತೊಳೆಯದ ಕೈಯಿಂದಲೂ ಬರುವ ಇ. ಕೋಲಿ, ವಿಷಮಶೀತಜ್ವರವನ್ನೂ ಭೇದಿಯನ್ನೂ ತರುವ ಸಾಲ್ಮೊನೆಲ್ಲ ಇದೇ ವರ್ಗಕ್ಕೆ ಸೇರಿದವು. ಬೂಷ್ಟಿನ ಮೇಲೆಯೂ ಅದರ ಆಟ ನಡೆಯದು. ಹುಳಿಯಿರುವ ಆಹಾರದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಹುಳಿಯಿಲ್ಲದ ಆಹಾರದಲ್ಲಿ ದುರ್ಬಲವಾಗುತ್ತದೆ. ಮೇಲಾಗಿ ಅದು ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳನ್ನೂ ತಡೆಯುವುದರಿಂದ, ಉಬ್ಬಿ ಬರಬೇಕಾದ ಇಡ್ಲಿ ಹಿಟ್ಟಿಗೆ ಹಾಕಿದರೆ ಹಿಟ್ಟನ್ನು ಹುದುಗಿಸುವ ಜೀವಿಗಳಿಗೇ ಅಡ್ಡಿಯಾದೀತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದಲ್ಲಿ ಒಂದು ಗೃಹಪ್ರವೇಶವಾಯಿತು. ಮಧ್ಯಾಹ್ನದ ಊಟಕ್ಕೆ ಮಾಡಿದ ಚಿತ್ರಾನ್ನ ಒಂದು ದೊಡ್ಡ ಕೊಳಗದಷ್ಟು ಉಳಿಯಿತು. ಅನ್ನವನ್ನು ಚೆಲ್ಲಬಾರದೆಂಬುದು ನಾವು ಕಲಿತ ಪಾಠ. ಕೊಳಗದ ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿ ಹಾಗೆಯೇ ಬಿಟ್ಟೆವು. ಮರುದಿನ ಬೆಳಗ್ಗೆ ವಾಸನೆ ನೋಡಿದೆವು, ಕೆಟ್ಟಿರಲಿಲ್ಲ. ಬಿಸಿಮಾಡಿ, ಪಾತ್ರೆ ತೊಳೆಯಲು ಬರುತ್ತಿದ್ದ ಹೆಣ್ಣುಮಗಳಿಗೆ ಡಬ್ಬಿ ತುಂಬ ಕೊಟ್ಟೆವು. ಆಕೆ ಸಂತೋಷದಿಂದ ಮನೆಗೊಯ್ದು ತನ್ನ ಇಬ್ಬರು ಮಕ್ಕಳಿಗೆ ಬಡಿಸಿದಳು. ಮಧ್ಯಾಹ್ನದೊಳಗೆ ಮೂವರಿಗೂ ವಾಂತಿ ಹಿಡಿಯಿತು. ದೇವರ ದಯೆಯಿಂದ ಎರಡು ದಿನಗಳಲ್ಲಿ ಗುಣವಾಯಿತು. ಆದರೆ ಆ ಎರಡು ದಿನಗಳ ಕೂಲಿ ಆಕೆಗೆ ನಾಲ್ಕು ಮನೆಗಳಲ್ಲಿ ತಪ್ಪಿತು. ಸೂಕ್ಷ್ಮಾಣುಜೀವಿಗಳ ಪಾಠ ಹೇಳುತ್ತಿದ್ದ ನಾನೇ ಆ ಮನೆಯಲ್ಲಿದ್ದೆ. ದಾನವೆಂದು ಕೊಟ್ಟದ್ದು ರೋಗವಾಗಿ ತಲುಪಿತ್ತು. ನಮ್ಮ ಮನೆಯವರಾರೂ ಆ ಚಿತ್ರಾನ್ನವನ್ನು ಮರುದಿನ ಉಂಡಿರಲಿಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳಿರುವುದು ಸಾಮಾನ್ಯ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಬೇಯಿಸಿದ ಅನ್ನವು ಗಂಟೆಗಟ್ಟಲೆ ಬೆಚ್ಚಗೆ ಉಳಿದರೆ ಅವು ಮೊಳೆತು, ಬೆಳೆದು, ವಾಂತಿ ತರುವ ವಿಷವನ್ನು ಬಿಡುತ್ತವೆ. ದೊಡ್ಡ ಕೊಳಗದ ನಡುಭಾಗ ಬೇಗ ಆರುವುದೇ ಇಲ್ಲವಾದುದರಿಂದ ಅಲ್ಲಿ ಅವಕ್ಕೆ ಹಬ್ಬ. ಆ ವಿಷವು ಮತ್ತೆ ಬಿಸಿಮಾಡಿದರೆ ನಾಶವಾಗುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ನಮ್ಮ ಚಿತ್ರಾನ್ನದಲ್ಲಿ ಆದದ್ದು ಇದೇ ಇರಬೇಕೆಂದು ನನ್ನ ಊಹೆ. ಸಿಹಿ ಕಟ್ಟುವವರ ಕೈಯಿಂದ ಖೋವಾಕ್ಕೆ ಇಳಿಯುವ ಸ್ಟ್ಯಾಫಿಲೋಕಾಕಸ್ ಎಂಬ ಜೀವಿಯ ವಿಷವೂ ಇಂಥದ್ದೇ. ಇವೆರಡೂ ನೈಸಿನ್ನಿಗೆ ಬಗ್ಗುವ ವರ್ಗದವೇ ಆದರೂ, ಅದು ತಡೆಯಬಲ್ಲದ್ದು ಜೀವಿಯ ಬೆಳವಣಿಗೆಯನ್ನು ಮಾತ್ರ. ಒಮ್ಮೆ ಹುಟ್ಟಿದ ವಿಷವನ್ನು ಯಾವ ಸಂರಕ್ಷಕವೂ ಹಿಂದಕ್ಕೆ ಕರೆಯಲಾರದು. ಕಾವಲುಗಾರನು ಬಾಗಿಲಲ್ಲಿ ನಿಲ್ಲಬೇಕು, ಕಳವಾದ ಮೇಲೆ ಬಂದು ಫಲವಿಲ್ಲ.

ಆದುದರಿಂದ ನನ್ನ ಮೊದಲನೆಯ ಅಭಿಪ್ರಾಯವಿದು: ಹಾಲಿನ ಜೀವಿಗಳಿಂದ ಬಂದ ಸಂರಕ್ಷಕಗಳನ್ನು ನಾವು ಸ್ವಾಗತಿಸೋಣ. ಆದರೆ ಶುಚಿ, ತಂಪು, ಸಮಯ ಈ ಮೂರರ ಸ್ಥಾನವನ್ನು ಅವಕ್ಕೆ ಬಿಟ್ಟುಕೊಡಬಾರದು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡಿಸುವವರೆಗೆ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಂಪಾಗಿರಬೇಕು. ಉಳಿಯುವುದೆಂದು ತೋರಿದ ಅನ್ನವನ್ನು ಊಟ ಮುಗಿಯುತ್ತಿದ್ದಂತೆಯೇ ಹಂಚಬೇಕು. ಇಡಲೇಬೇಕಾದರೆ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಬಸವ ಜಯಂತಿಯಂದೋ ಜಾತ್ರೆಯ ದಿನವೋ ನಮ್ಮ ಬಡಾವಣೆಗಳಲ್ಲಿ ಸಾವಿರಾರು ಜನಕ್ಕೆ ದಾಸೋಹ ನಡೆಸುವ ಭಕ್ತರಲ್ಲಿ ನನ್ನ ವಿನಂತಿಯೂ ಇದೇ. ಒಮ್ಮೆಗೇ ಎಲ್ಲ ಅನ್ನವನ್ನೂ ಬಸಿದಿಡುವ ಬದಲು ಪಂಕ್ತಿ ಪಂಕ್ತಿಗೆ ತಕ್ಕಂತೆ ಹೊಸದಾಗಿ ಇಳಿಸಿರಿ. ತಾನು ಉಣ್ಣಲು ಅನುಮಾನಿಸುವ ಅನ್ನವನ್ನು ಪರರಿಗೆ ನೀಡುವುದು ದಾಸೋಹವೆನಿಸದು. ಪ್ರಸಾದವು ಕೆಡದಂತೆ ನೋಡಿಕೊಳ್ಳುವುದೂ ಪ್ರಸಾದಕ್ಕೆ ತೋರುವ ಗೌರವವೇ.

ನನ್ನ ಎರಡನೆಯ ಮಾತು ‘ನೈಸರ್ಗಿಕ’ ಎಂಬ ಶಬ್ದವನ್ನು ಕುರಿತದ್ದು. ಸಂರಕ್ಷಕವೆಂದರೆ ಜನ ಹೆದರುತ್ತಾರೆಂದು ತಿಳಿದ ತಯಾರಕರು ಹೊಸ ದಾರಿಯೊಂದನ್ನು ಕಂಡುಕೊಂಡಿದ್ದಾರೆ. ಲ್ಯಾಕ್ಟಿಕ್ ಅಥವಾ ಪ್ರೊಪಿಯೋನಿಕ್ ಬ್ಯಾಕ್ಟೀರಿಯಗಳಿಂದ ಹಾಲನ್ನೋ ಸಕ್ಕರೆಯನ್ನೋ ಹುದುಗಿಸಿ, ಅವು ಬಿಟ್ಟ ಆಮ್ಲಗಳ ಸಮೇತ ಒಣಗಿಸಿ ಪುಡಿಮಾಡುವುದು ಆ ದಾರಿ. ಈ ಪುಡಿಯನ್ನು ಆಹಾರಕ್ಕೆ ಬೆರೆಸುವುದು ಕೆಡದಿರಲೆಂದೇ. ಆದರೆ ಹೊರದೇಶಗಳ ಪೊಟ್ಟಣಗಳಲ್ಲಿ ಅದು ಸಂರಕ್ಷಕವೆಂಬ ಹೆಸರಿಲ್ಲದೆ ‘ಹುದುಗಿಸಿದ ಹಾಲಿನ ಪುಡಿ’ ಎಂದೋ ‘ಹುದುಗಿಸಿದ ಸಕ್ಕರೆ’ ಎಂದೋ ಸಾಧಾರಣ ಪದಾರ್ಥದಂತೆ ಪಟ್ಟಿಯಲ್ಲಿ ಕುಳಿತಿರುತ್ತದೆ. ಪುಡಿಯಿಂದ ಅಪಾಯವಿದೆಯೆಂದು ನಾನು ಹೇಳುತ್ತಿಲ್ಲ. ಮಾಡುವ ಕೆಲಸ ಒಂದು, ಹೇಳುವ ಹೆಸರು ಇನ್ನೊಂದು ಆಗಬಾರದೆನ್ನುತ್ತೇನೆ. ನಡೆ ನುಡಿ ಒಂದಾಗಿರಬೇಕೆಂಬ ಶರಣರ ಮಾತಿನ ಅರ್ಥ ವ್ಯಾಪಾರದ ಪೊಟ್ಟಣಕ್ಕೂ ಸಲ್ಲುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜಾಹೀರಾತು ನಿಯಮಗಳಲ್ಲಿ, ಏನನ್ನೂ ಸೇರಿಸದ ಒಂಟಿ ಪದಾರ್ಥಕ್ಕಲ್ಲದೆ ಬೆರಕೆಯ ಆಹಾರಕ್ಕೆ ‘ನೈಸರ್ಗಿಕ’ವೆಂಬ ಹೆಸರು ಸಲ್ಲದೆಂದು ಹೇಳಿರುವುದು ಒಳ್ಳೆಯದೇ ಆಗಿದೆ. ನಿಸರ್ಗದಲ್ಲಿ ಹುಟ್ಟಿದ ಮಾತ್ರಕ್ಕೆ ಯಾವುದೂ ಹಿತವಾಗದು. ಚಿತ್ರಾನ್ನದ ವಿಷವೂ ನಿಸರ್ಗದಲ್ಲಿಯೇ ಹುಟ್ಟಿದ್ದು.

ಮೂರನೆಯದು ಭಾಷೆಯ ಪ್ರಶ್ನೆ. ಆ ತಾಯಿಗೆ ಡಬ್ಬಿಯ ಮೇಲೆ ಓದಲು ಸಿಕ್ಕಿದ್ದು ಒಂದು ಅಂಕಿ ಮಾತ್ರ. ಆಹಾರ ನಿಯಮಗಳ ಪ್ರಕಾರ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಸಂರಕ್ಷಕದ ಹೆಸರಿನ ಬದಲು ಅಂಕಿಯನ್ನು ಹಾಕಿದರೂ ನಡೆಯುತ್ತದೆ. ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಅದರ ಜೊತೆಗೆ ‘ಸಂರಕ್ಷಕ: ನೈಸಿನ್, ಹಾಲಿನ ಬ್ಯಾಕ್ಟೀರಿಯದಿಂದ ಪಡೆದದ್ದು’ ಎಂಬ ಒಂದು ಸಾಲನ್ನೂ ಕನ್ನಡದಲ್ಲಿ ಅಚ್ಚುಹಾಕಿದರೆ ಎಷ್ಟು ಮನೆಗಳ ಭಯ ದೂರವಾದೀತು! ಹಾಲು ಒಗ್ಗದವರಿಗೂ ಆ ಸಾಲು ಎಚ್ಚರಿಕೆಯಾಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಚಾಮರಾಜಪೇಟೆಯಲ್ಲಿಯೇ ಅಜ್ಜಿಯೊಬ್ಬರು ತಮ್ಮ ಮೊಮ್ಮಗನ ತಿಂಡಿಯ ಮೇಲಿನ ಬರಹವನ್ನು ಓದಲಾರದೆ ಪರರನ್ನು ಕೇಳುವಂತಾಗಿರುವುದು ಶೋಭೆಯ ಸಂಗತಿಯಲ್ಲ. ಅಲ್ಲಿಯವರೆಗೆ ಮೂರು ನಾಲ್ಕು ಅಂಕಿಗಳನ್ನಾದರೂ ನೆನಪಿಡೋಣ: 202 ಪೊಟ್ಯಾಸಿಯಂ ಸಾರ್ಬೇಟ್, 211 ಸೋಡಿಯಂ ಬೆಂಜೊಯೇಟ್, 234 ನೈಸಿನ್, 235 ನ್ಯಾಟಮೈಸಿನ್. ಈ ಕೊನೆಯದು ಬೂಷ್ಟು ಬರದಂತೆ ಚೀಸಿನ ಹೊರಮೈಗೆ ಸವರುವಂಥದ್ದು; ಅದನ್ನು ಕೊಡುವುದು ಮಣ್ಣಿನ ಬ್ಯಾಕ್ಟೀರಿಯ, ಹಾಲಿನದಲ್ಲ.

“ಹಿಂದೆ ಇವೆಲ್ಲ ಎಲ್ಲಿದ್ದವು? ನಾವು ಬದುಕಲಿಲ್ಲವೇ?” ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಮನೆಯ ಒರಳಿನಲ್ಲಿ ರುಬ್ಬಿ, ಮನೆಯಲ್ಲಿಯೇ ಬೇಯಿಸಿ, ಅಂದೇ ಉಂಡು ಮುಗಿಸುವವರಿಗೆ ಸಂರಕ್ಷಕದ ಹಂಗಿಲ್ಲ. ಹಾಗೆ ಬದುಕಬಲ್ಲವರು ಹಾಗೆಯೇ ಬದುಕಲಿ ಎಂಬುದು ನನ್ನ ಹಾರೈಕೆ. ಆದರೆ ಇಂದು ಗಾಂಧಿ ಬಜಾರಿನ ಮನೆಗಳಲ್ಲಿಯೂ ಮಲ್ಲೇಶ್ವರದ ಮನೆಗಳಲ್ಲಿಯೂ ವೃದ್ಧ ದಂಪತಿಗಳಿಬ್ಬರೇ ಉಳಿದಿದ್ದಾರೆ. ಮಕ್ಕಳು ದೂರದೇಶದಲ್ಲಿದ್ದಾರೆ, ರುಬ್ಬಲು ಕೈಯಲ್ಲಿ ಬಲವಿಲ್ಲ. ಅವರು ಪೊಟ್ಟಣದ ಹಿಟ್ಟನ್ನೋ ಪನ್ನೀರನ್ನೋ ಕೊಳ್ಳುವುದು ಸೋಮಾರಿತನದಿಂದಲ್ಲ. ಆ ಪೊಟ್ಟಣ ಊರಾಚೆಯ ಕಾರ್ಖಾನೆಯಿಂದ ಹೊರಟು, ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಕುಳಿತು, ವಿದ್ಯುತ್ತು ಹೋದ ಅಂಗಡಿಯಲ್ಲಿ ಕಾದು ಅವರ ಮನೆ ಸೇರುತ್ತದೆ. ಆ ದಾರಿಯುದ್ದಕ್ಕೂ ಅದಕ್ಕೊಂದು ಕಾವಲು ಬೇಕು. ಅಜ್ಜಿಯ ಬುತ್ತಿಗೆ ಒಂದು ಚಮಚ ಮೊಸರು ಬೇಕಾಗಿದ್ದಂತೆಯೇ ಇದೂ.

ಕಾವಲನ್ನು ಒದಗಿಸಬಲ್ಲ ವಿದ್ಯೆ ನಮ್ಮ ನಾಡಿನಲ್ಲಿಯೇ ಇದೆ. ಭಾರತದ ಹೈನು ವಿಜ್ಞಾನದ ತವರು ಬೆಂಗಳೂರು. 1923ರಲ್ಲಿ ಇಲ್ಲಿ ಆರಂಭವಾದ ಇಂಪೀರಿಯಲ್ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ಅದರ ಕೇಂದ್ರಸ್ಥಾನ 1955ರಲ್ಲಿ ಹರಿಯಾಣದ ಕರ್ನಾಲಿಗೆ ಹೋದರೂ, ಆಡುಗೋಡಿಯಲ್ಲಿ ದಕ್ಷಿಣದ ಶಾಖೆ ಉಳಿದಿದೆ. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಗೋಪಾಲನೆಯನ್ನು ಕಲಿಯಲು ಹೋದದ್ದು ಆ ಸಂಸ್ಥೆಗೇ. ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದಲ್ಲಿ ದುಡಿದ ವಿ. ಸುಬ್ರಹ್ಮಣ್ಯನ್ ಅವರು 1950ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಆ ಸಂಶೋಧನಾಲಯದಲ್ಲಿ ನಮ್ಮ ಹುದುಗು ಆಹಾರಗಳ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳನ್ನೂ, ನೈಸಿನ್ನಿನ ಬಂಧುವಾದ ಪೀಡಿಯೋಸಿನ್ನನ್ನೂ ಕುರಿತು ಅಧ್ಯಯನಗಳು ನಡೆದಿವೆ. ಹೆಬ್ಬಾಳದಲ್ಲಿ ಹೈನು ವಿಜ್ಞಾನ ಮಹಾವಿದ್ಯಾಲಯವಿದೆ.

ಈ ವಿದ್ಯೆ ದೊಡ್ಡ ಕಂಪನಿಗಳ ಬಾಗಿಲಿಗೆ ತಾನಾಗಿಯೇ ಹೋಗುತ್ತದೆ, ಅವರಲ್ಲಿ ಹಣವೂ ಪ್ರಯೋಗಶಾಲೆಯೂ ಇವೆ. ಅದು ಹೋಗಬೇಕಾದದ್ದು ಮನೆಯಲ್ಲಿ ಪನ್ನೀರು ಕಟ್ಟಿ ಹತ್ತು ಅಂಗಡಿಗೆ ಕೊಡುವ ಹೆಣ್ಣುಮಕ್ಕಳ ಬಳಿಗೆ, ದಿನಕ್ಕೆ ನಲವತ್ತು ಕಿಲೋ ಹಿಟ್ಟು ರುಬ್ಬಿ ಬದುಕುವ ಸಣ್ಣ ಗಿರಣಿಯವರ ಬಳಿಗೆ. ಉಳಿದ ಮಾಲು ಕೆಟ್ಟರೆ ಅಂದಿನ ಗಳಿಕೆಯೇ ಹೋಗುವುದು ಅವರಿಗೆ. ಕೆಟ್ಟದ್ದನ್ನು ಮಾರುವ ಆಸೆ ಹುಟ್ಟುವುದೂ ಆ ಬಡತನದಲ್ಲಿಯೇ. ಉತ್ತಮ ಹೆಪ್ಪಿನ ತಳಿಗಳನ್ನು ಕಡಿಮೆ ಬೆಲೆಗೆ ಒದಗಿಸಿ, ಯಾವ ಪದಾರ್ಥಕ್ಕೆ ಯಾವ ಸಂರಕ್ಷಕ ನಿಯಮದಂತೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬುದನ್ನು ಕನ್ನಡದಲ್ಲಿ ಕಲಿಸಿದರೆ ಅವರ ಕಾಯಕವೂ ಉಳಿಯುತ್ತದೆ, ಉಣ್ಣುವವರ ಆರೋಗ್ಯವೂ ಉಳಿಯುತ್ತದೆ. ಸರ್ಕಾರದ ಸಂಸ್ಥೆಗಳು ಈ ಕೆಲಸಕ್ಕೆ ಮುಂದಾದರೆ ಮಠಗಳ ಸಭಾಭವನಗಳೂ ಶಾಲೆಗಳೂ ಅದಕ್ಕೆ ಬಾಗಿಲು ತೆರೆಯಬಹುದು. ವಾರಕ್ಕೊಂದು ಸಂಜೆ ಪಾಠ ಹೇಳಲು ನನ್ನಂಥ ನಿವೃತ್ತರು ಅನೇಕರು ಸಿದ್ಧರಿದ್ದಾರೆ. ನಾನಂತೂ ಸಿದ್ಧನಿದ್ದೇನೆ.

ಆ ತಾಯಿಯು ಮರುವಾರ ಮತ್ತೆ ಬಂದಿದ್ದರು. ಚೀಸನ್ನು ಮೊಮ್ಮಗನಿಗೆ ಕೊಡುತ್ತಿರುವುದಾಗಿಯೂ, ಡಬ್ಬಿ ತೆರೆದ ದಿನಾಂಕವನ್ನು ಸೊಸೆಯಿಂದ ಮುಚ್ಚಳದ ಮೇಲೆ ಬರೆಸಿರುವುದಾಗಿಯೂ ತಿಳಿಸಿದರು. ಜೊತೆಗೆ ಒಂದು ಪುಟ್ಟ ಗಡಿಗೆಯಲ್ಲಿ ಮೊಸರು ತಂದಿದ್ದರು. “ನಮ್ಮ ಅತ್ತೆಯವರ ಕಾಲದಿಂದ ಬಂದ ಹೆಪ್ಪು ಮೇಷ್ಟ್ರೇ, ಒಂದು ದಿನವೂ ತಪ್ಪಿಸಿಲ್ಲ” ಎಂದರು. ಅದರಲ್ಲಿ ನೈಸಿನ್ ಇತ್ತೋ ಇಲ್ಲವೋ ನಾನು ಪರೀಕ್ಷಿಸಲಿಲ್ಲ. ಅಂದು ಮಧ್ಯಾಹ್ನ ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡೆ. ಉಳಿದ ಒಂದು ಚಮಚವನ್ನು ನಮ್ಮ ಮನೆಯ ಹಾಲಿಗೆ ಹೆಪ್ಪು ಹಾಕಿದೆ.